ಮನೆಯೊಳಗಣ ಬಟ್ಟಲು

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ನಾವು ವಾಡಿಯಲ್ಲಿ ಕೆಲವು ದಿನ ತಂಗಿದ್ದಾಗ ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ರಾತ್ರಿ ಕಾಣಲು ಬಂದರು. ಸಿಮೆಂಟು ಕಾರ್ಖಾನೆಯೊಂದರಲ್ಲಿ ಮೂರು ದಶಕಗಳಿಗೂ ಮಿಕ್ಕಿ ದುಡಿದು ನಿವೃತ್ತರಾದವರು. ಮಕ್ಕಳು ಹೈದರಾಬಾದಿನಲ್ಲಿ ನೆಲೆಸಿದ್ದಾರೆ. ಅಂದಿನ ಪ್ರವಚನದಲ್ಲಿ ನಾವು ಮದ್ಯಪಾನವನ್ನು ಕಟುವಾಗಿ ಖಂಡಿಸಿದ್ದೆವು. ಭಕ್ತರೆಲ್ಲ ಚದುರುವವರೆಗೆ ಕಾದಿದ್ದು ಅವರು ಸಮೀಪಕ್ಕೆ ಬಂದು ಕುಳಿತರು. “ಅಪ್ಪಾವರೇ, ನಾ ದಿನಾ ಸಂಜೀಕ ಮನ್ಯಾಗ ಒಂದ್ ಗ್ಲಾಸ್ ತಗೋತೀನ್ರಿ. ಬೀದ್ಯಾಗ ಬಿದ್ದಿಲ್ಲ, ಯಾರಿಗೂ ಬೈದಿಲ್ಲ, ಸಾಲ ಮಾಡಿಲ್ಲ. ಇದ್ರಾಗ ಯಾರಿಗೆ ಏನ್ ಕೆಡಕ್ ಆಗ್ಯಾದ್ರಿ?” ಎಂದು ಕೇಳಿದರು.

ಆ ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಬಾಲ್ಯದಲ್ಲಿ ಮಠದ ಅನ್ನವುಂಡವರು ಮಠದೆದುರು ಸುಳ್ಳಾಡಲಾರದೆ ಕೇಳಿದ ಪ್ರಶ್ನೆ ಅದು. ನಾವು ಶಾಸ್ತ್ರದ ಒಂದೆರಡು ಮಾತು ಹೇಳಿ ಕಳುಹಿಸಿದೆವು. ಆ ಉತ್ತರದಿಂದ ಅವರಿಗೆ ಸಮಾಧಾನವಾಯಿತೋ ಇಲ್ಲವೋ, ನಮಗಂತೂ ಆಗಲಿಲ್ಲ.

ಮರುದಿನ ಅವರನ್ನು ಮತ್ತೆ ಬರಮಾಡಿಕೊಂಡೆವು. ಈ ಸಲ ನಾವು ಕೇಳುವವರಾದೆವು. ಅವರ ಕಪಾಟಿನಲ್ಲಿ ನಾಲ್ಕು ಶೀಷೆಗಳಿವೆಯಂತೆ. ಅವುಗಳಲ್ಲೊಂದು ನಮ್ಮ ಬೆಂಗಳೂರಿನಲ್ಲಿಯೇ ಬಾರ್ಲಿಯಿಂದ ತಯಾರಾಗಿ, 2004ರಲ್ಲಿ ಮೊದಲು ಸ್ಕಾಟ್‌ಲೆಂಡಿನ ಗ್ಲಾಸ್ಗೊ ಪಟ್ಟಣದಲ್ಲಿ ಮಾರಾಟಕ್ಕೆ ಬಂದ ವಿಸ್ಕಿಯ ಜಾತಿಯದು, ಮಗ ತಂದುಕೊಟ್ಟದ್ದು. ನಮ್ಮ ಅಂಗಡಿಗಳಲ್ಲಿ ವಿಸ್ಕಿಯೆಂದು ಮಾರುವ ಬಹುಪಾಲು ಸರಕು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಸಾರವೆಂದೂ, ಅದನ್ನು ತಾವು ಮುಟ್ಟುವುದಿಲ್ಲವೆಂದೂ ಅವರು ವಿವರಿಸಿದರು. ಮಾವಿನ ತಳಿಗಳನ್ನು ಬಲ್ಲ ತೋಟಿಗನು ಹಣ್ಣಿನ ಕುರಿತು ಮಾತನಾಡುವಂತೆ ಅವರು ಮಾತನಾಡಿದರು. ರುಚಿಯನ್ನು ಬಲ್ಲವನು ರುಚಿಗೇಡಿಗಿಂತ ಕೀಳೆಂದು ನಾವು ಹೇಳಲಾರೆವು. ಬಿಸಿ ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿಕೊಂಡಾಗ ನಮ್ಮ ನಾಲಗೆಯೇನೂ ವೈರಾಗ್ಯ ತಾಳುವುದಿಲ್ಲ. ಚಹಾ ತೆಳುವಾಯಿತೆಂದು ಹುಬ್ಬು ಗಂಟಿಕ್ಕುವ ಸ್ವಾಮಿಗಳೂ ಉಂಟು. ಅವರಲ್ಲಿ ನಾವೂ ಒಬ್ಬರು. ಆದುದರಿಂದ ಸುಖವೇ ದೋಷವೆಂಬ ವಾದ ಇಲ್ಲಿ ನಿಲ್ಲದು.

ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಸಿಸುವಾಗ ನಾವು ಜಾನ್ ಸ್ಟುವರ್ಟ್ ಮಿಲ್ಲನ ಸ್ವಾತಂತ್ರ್ಯವಿಚಾರವನ್ನು ಓದಿದ್ದೆವು. 1859ರ ಆ ಗ್ರಂಥದಲ್ಲಿ ಈ ನಮ್ಮ ಶಿಷ್ಯರ ಪ್ರಶ್ನೆಯೇ ಬರುತ್ತದೆ. ಕುಡಿದನೆಂಬ ಒಂದೇ ಕಾರಣಕ್ಕೆ ಯಾರನ್ನೂ ದಂಡಿಸಬಾರದು. ಕಾವಲು ಕರ್ತವ್ಯದಲ್ಲಿದ್ದ ಪೊಲೀಸನು ಕುಡಿದರೆ ದಂಡಿಸಬೇಕು. ಇದು ಆತನ ನಿರ್ಣಯ. ರಾಜದಂಡವು ಎಲ್ಲಿ ನಿಲ್ಲಬೇಕೆಂಬುದಕ್ಕೆ ಇದು ಸರಿಯಾದ ಗೆರೆಯೆಂದು ನಾವು ಇಂದಿಗೂ ಒಪ್ಪುತ್ತೇವೆ. ಸಂವಿಧಾನದ 47ನೆಯ ಅನುಚ್ಛೇದವು ಪಾನನಿಷೇಧಕ್ಕೆ ಯತ್ನಿಸಬೇಕೆಂದು ರಾಜ್ಯಕ್ಕೆ ಹೇಳುತ್ತದೆ, ನಿಜ. ಸೇಡಂ, ಚಿಂಚೋಳಿಗಳ ಗಡಿಯಾಚೆ, ಅಂದಿನ ಆಂಧ್ರದಲ್ಲಿ, 1995ರಲ್ಲಿ ಸಂಪೂರ್ಣ ನಿಷೇಧ ಬಂದು 1997ರಲ್ಲಿ ಹೋದುದನ್ನು ನಮ್ಮ ಭಾಗದವರು ಕಣ್ಣಾರೆ ಕಂಡಿದ್ದಾರೆ. ಆದರೆ ಸರ್ಕಾರ ದಂಡಿಸಬಾರದು ಎಂಬಲ್ಲಿಂದ ಸಾಧಕನು ಪ್ರಶ್ನಿಸಿಕೊಳ್ಳಬಾರದು ಎಂಬಲ್ಲಿಗೆ ಜಿಗಿಯುವುದು ತರ್ಕವಲ್ಲ. ನಮ್ಮ ಶಿಷ್ಯರು ನ್ಯಾಯಾಧೀಶರ ಬಳಿಗೆ ಹೋಗಿರಲಿಲ್ಲ, ಗುರುವಿನ ಬಳಿಗೆ ಬಂದಿದ್ದರು.

ಆರೋಗ್ಯದ ಮಾತನ್ನು ಬೇಗನೆ ಮುಗಿಸುತ್ತೇವೆ. ಮದ್ಯವು ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ವರ್ಗೀಕರಿಸಿತು. ನಿರಪಾಯವಾದ ಪ್ರಮಾಣವೆಂಬುದೊಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸಾರಿತು. ಇದನ್ನು ಅವರಿಗೆ ತಿಳಿಸಿದೆವು. “ಗೊತ್ತದ್ರಿ” ಎಂದರು.

ಇನ್ನು ‘ಮನೆಯಲ್ಲಿ’ ಎಂಬ ಮಾತು. ಅವರ ವಾದದ ಬಲವೆಲ್ಲ ಆ ಒಂದು ಶಬ್ದದಲ್ಲಿತ್ತು. ನಿಜಾಮರ ಕಾಲದಲ್ಲಿ ನಮ್ಮ ಸೀಮೆಯ ಶ್ರಮಜೀವಿಗಳು ಕುಡಿಯುತ್ತಿದ್ದುದು ಸೇಂದಿಯನ್ನು. ಬಯಲಿನಲ್ಲಿ, ಎಲ್ಲರ ಕಣ್ಣೆದುರಿಗೆ. ಬಳಿಕ ಸಾರಾಯಿಯ ಪೊಟ್ಟಣ ಬಂದಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧವಾಯಿತು. ಕುಡಿಯುವ ಕೂಲಿಗಳು ಅಗ್ಗದ ವಿಸ್ಕಿಯ ಕಡೆಗೆ ಹೊರಳಿದರು. ಶಹಾಬಾದಿನ ಕಲ್ಲುಗಣಿಯಲ್ಲಿ ದಿನವಿಡೀ ಪರಸಿಗಲ್ಲು ಎಬ್ಬಿಸುವ ಮನುಷ್ಯನಿಗೆ ಇರುವುದು ಒಂದೇ ಅಂಕಣದ ಮನೆ. ಅಲ್ಲಿ ಒಲೆ, ಮುದುಕಿ, ಕೂಸು. ಅವನು ಕುಡಿಯುವುದು ಹೊರಗೆ, ಆದುದರಿಂದ ಊರೆಲ್ಲ ನೋಡುವಂತೆ. ಅದೇ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆಯ ಅಧಿಕಾರಿಗೆ ಪ್ರತ್ಯೇಕ ಕೋಣೆಯುಂಟು, ಕೋಣೆಗೆ ಬಾಗಿಲುಂಟು. ಒಬ್ಬನಿಗೆ ಕುಡುಕನೆಂಬ ಹೆಸರು, ಇನ್ನೊಬ್ಬನಿಗೆ ಸಭ್ಯನೆಂಬ ಹೆಸರು. ಈ ಭೇದವನ್ನು ಮಾಡಿದ್ದು ನೀತಿಯಲ್ಲ, ಗೋಡೆ.

ಇಲ್ಲಿ ನಮ್ಮದೇ ಒಂದು ಅಪರಾಧವನ್ನು ಹೇಳದೆ ಮುಂದುವರಿಯುವುದು ಸಲ್ಲದು. ಹಲವು ವರ್ಷಗಳ ಹಿಂದೆ ಶಹಾಬಾದಿನಲ್ಲಿ ಗಣಿ ಕಾರ್ಮಿಕರೊಬ್ಬರು ಪಾದಪೂಜೆಗೆ ಬಿನ್ನವಿಸಿಕೊಂಡಿದ್ದರು. ನಾವು ಹೊಸ್ತಿಲವರೆಗೆ ಹೋದೆವು. ಮನೆಯ ಯಜಮಾನನ ಬಾಯಿಂದ ವಾಸನೆ ಬಂದಿತು. ಒಂದು ಮಾತನ್ನೂ ಆಡದೆ ಹಿಂದಿರುಗಿದೆವು. ಬಾಗಿಲಲ್ಲಿ ಅವನ ಮಗಳು, ಹತ್ತು ವರ್ಷದವಳಿರಬಹುದು, ನೀರು ತುಂಬಿದ ಹಿತ್ತಾಳೆಯ ತಂಬಿಗೆ ಹಿಡಿದು ನಿಂತಿದ್ದಳು. ಅದೇ ರಾತ್ರಿ ಅಧಿಕಾರಿಯೊಬ್ಬರ ಮನೆಯಲ್ಲಿ ಪ್ರಸಾದ ಸ್ವೀಕರಿಸಿ, ಮರುದಿನದ ಸಭೆಯಲ್ಲಿ ಅವರನ್ನು ಸದ್ಗೃಹಸ್ಥರೆಂದು ಕೊಂಡಾಡಿದೆವು. ಆ ಮನೆಯ ಕಪಾಟಿನ ಸಂಗತಿ ತಿಳಿದದ್ದು ಬಹಳ ತಡವಾಗಿ. ಅವರು ನಮಗೆ ಮೋಸ ಮಾಡಿದರೆಂದು ಆಗ ಕೋಪ ಬಂದಿತ್ತು. ಆ ಹುಡುಗಿಯ ನೆನಪು ಬಂದುದು ಕೋಪವಿಳಿದ ಮೇಲೆ.

ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ಹೆಂಡದ ಮಾರಯ್ಯನೂ ಇದ್ದನು. ಹೆಂಡ ಮಾರುವುದು ಅವನ ವೃತ್ತಿ. ಧರ್ಮೇಶ್ವರಲಿಂಗವೆಂಬುದು ಅವನ ವಚನಗಳ ಅಂಕಿತ. ಹೆಂಡದ ಹೆಸರನ್ನು ಮುಚ್ಚಿಟ್ಟುಕೊಂಡು ಅವನು ಶರಣನಾಗಲಿಲ್ಲ. ಅದು ಅವನ ಹೆಸರಿನ ಮುಂದೆಯೇ ಉಳಿಯಿತು, ಅವನ ವಚನಗಳಿಗೆ ಉಪಮೆಯನ್ನೂ ಒದಗಿಸಿತು. ಇದರಿಂದ ಶರಣರು ಮದ್ಯಕ್ಕೆ ಸಮ್ಮತಿಯಿತ್ತರೆಂದು ಯಾರೂ ತಿಳಿಯಬೇಕಾಗಿಲ್ಲ. ನಾವು ಗಮನಿಸಬೇಕಾದುದು ಬೇರೆ: ಅವನಿಗೂ ಅವನ ಲಿಂಗಕ್ಕೂ ನಡುವೆ ಮರೆಯಿರಲಿಲ್ಲ.

ಏಕೆ ಇದನ್ನು ಹೇಳುತ್ತಿದ್ದೇವೆಂದರೆ, ನಮ್ಮ ಶಿಷ್ಯರು ಎರಡನೆಯ ದಿನ ಏಳುವ ಮುನ್ನ, ನಾವು ಕೇಳದೆಯೇ, ಒಂದು ವಿಷಯ ಹೇಳಿದರು. ಸಂಜೆ ಶೀಷೆಯನ್ನು ಹೊರತೆಗೆಯುವ ಮುಂಚೆ ಅವರು ಕೊರಳಿನ ಇಷ್ಟಲಿಂಗವನ್ನು ತೆಗೆದು ದೇವರ ಮಾಡದಲ್ಲಿ ಇರಿಸುತ್ತಾರಂತೆ. ಮಲಗುವ ಮುಂಚೆ ಬಾಯಿ ಮುಕ್ಕಳಿಸಿ ಮತ್ತೆ ಧರಿಸುತ್ತಾರಂತೆ. ಎಷ್ಟು ವರ್ಷಗಳಿಂದ ಎಂದು ಕೇಳಿದೆವು. ಲೆಕ್ಕವಿಟ್ಟಿಲ್ಲವೆಂದರು. ಹಾಗೆ ಮಾಡಲು ಅವರಿಗೆ ಯಾರೂ ಕಲಿಸಿರಲಿಲ್ಲ.

ದೇಹದಿಂದ ಲಿಂಗವನ್ನು ಅಗಲಿಸಬಾರದೆಂಬುದು ನಮ್ಮ ಪಾಠಶಾಲೆಯ ಮೊದಲ ಪಾಠ. ಲಿಂಗಕ್ಕೆ ಅರ್ಪಿಸದುದನ್ನು ಸೇವಿಸಬಾರದೆಂಬುದು ಎರಡನೆಯದು. ಎರಡನೆಯದನ್ನು ಮೀರಲು ಅವರು ದಿನವೂ ಮೊದಲನೆಯದನ್ನು ಮೀರುತ್ತಿದ್ದರು. ನಾವು ಇದನ್ನು ಆಚಾರಭಂಗದ ಲೆಕ್ಕದಲ್ಲಿ ಬರೆಯುತ್ತಿಲ್ಲ. ಆ ಬಟ್ಟಲಿನ ಕುರಿತು ಅವರೊಳಗಿನ ಸಾಕ್ಷಿ ಎಂದೋ ತೀರ್ಪಿತ್ತಿತ್ತು. ಅದನ್ನು ನಿತ್ಯವೂ ಮಾಡದಲ್ಲಿ ಇರಿಸಿ ಬಾಗಿಲೆಳೆಯುತ್ತಿದ್ದರು. ಯಾರಿಗೂ ಕೇಡಾಗಿಲ್ಲವೆಂಬ ಲೆಕ್ಕದಲ್ಲಿ ಅವರು ಸೇರಿಸದೆ ಬಿಟ್ಟವರು ಇನ್ನೂ ಇದ್ದರು. ಆ ಹೊತ್ತಿನಲ್ಲಿ ಅವರ ಗೃಹಿಣಿ ಅಡಿಗೆಮನೆಯನ್ನು ಬಿಟ್ಟು ಹೊರಗೆ ಬರುವುದಿಲ್ಲ. ರಜೆಗೆ ಬಂದ ಮೊಮ್ಮಗನು ಕಪಾಟಿನಲ್ಲಿರುವುದೇನೆಂದು ಕೇಳಿದಾಗ ಅಜ್ಜಿಯೇ “ಔಷಧ” ಎಂದು ಹೇಳಿದರಂತೆ. ಅಳತೆ ಮೀರದ ಮನುಷ್ಯನೊಬ್ಬನ ಒಂದು ಲೋಟಕ್ಕಾಗಿ, ಎಂದೂ ಸುಳ್ಳಾಡದ ಮುದುಕಿಯೊಬ್ಬಳು ಮಗುವಿನೆದುರು ಸುಳ್ಳಾಡಬೇಕಾಯಿತು. ಮಿಲ್ಲನ ತಕ್ಕಡಿಯಲ್ಲಿ ಇದಕ್ಕೆ ತೂಕವುಂಟೋ ಇಲ್ಲವೋ ವಿದ್ವಾಂಸರು ಚರ್ಚಿಸಲಿ. ನಮಗೆ ಅದು ಭಾರವಾಗಿಯೇ ಕಂಡಿತು.

2018ರಲ್ಲಿ ಲಿಂಗೈಕ್ಯರಾದ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದವರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನಮ್ಮ ಶಿಷ್ಯರು ತಾವಾಗಿಯೇ “ಜೋಳಿಗಿ ಹಿಡೀರಿ ಅಪ್ಪಾವರೇ, ಹಾಕ್ತೀನಿ” ಎಂದರು. ನಾವು ಹಿಡಿಯಲಿಲ್ಲ. ಆ ಮಹನೀಯರು ಜೋಳಿಗೆಯೊಡ್ಡುವಾಗ ಮನೆಯ ಅಂತಸ್ತನ್ನು ಎಣಿಸುತ್ತಿರಲಿಲ್ಲ. ನಾವು ಒಂದು ಹೊಸ್ತಿಲಿನಿಂದ ಬೆನ್ನು ತಿರುಗಿಸಿ ಬಂದವರು. ನಾಳೆಯಿಂದ ಲಿಂಗವನ್ನು ತೆಗೆಯದಿರಿ, ಉಳಿದುದು ನಿಮಗೂ ಅದಕ್ಕೂ ಬಿಟ್ಟದ್ದು ಎಂದಷ್ಟೇ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಏನು ಮಾಡಿದರೆಂದು ನಾವು ವಿಚಾರಿಸಿಲ್ಲ.

ಶ್ರಾವಣ ಮುಗಿದ ಮೇಲೆ ಶಹಾಬಾದಿನ ಆ ಓಣಿಗೆ ಹೋದೆವು. ಮನೆಯ ಯಜಮಾನನು ತೀರಿಕೊಂಡು ಆರು ವರ್ಷವಾಯಿತಂತೆ. ತಂಬಿಗೆ ಹಿಡಿದಿದ್ದ ಹುಡುಗಿಯನ್ನು ಚಿಂಚೋಳಿಯ ಕಡೆಗೆ ಕೊಟ್ಟಿದ್ದಾರೆ. ಅವಳ ತಾಯಿ ನಮ್ಮನ್ನು ಗುರುತಿಸಿ, ಒಳಗೆ ಹೋಗಿ, ಚಾಪೆ ಹಾಸಿದಳು.