ಕಡಿಯದೆ ಒಳಗೆ ಬಿಡದ ಆಟ

ಹುನಗುಂದದ ಕಡೆ ಕಟ್ಟೆಯ ಮೇಲೆ ಚೌಕಾಬಾರ ಆಡುವ ಬಹಳ ಮನೆಗಳಲ್ಲಿ ಒಂದು ನಿಯಮ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಪಾಪ ಅಂದುಕೊಂಡು ಕೂತರೆ ಹೊರಗೇ ಸುತ್ತಬೇಕು!

2008ರ ‘ಡೊಮಿನಿಯನ್’ ಕಾರ್ಡ್ ಆಟದಲ್ಲೂ ಇಂಥದ್ದುಂಟು. ‘ವಿಚ್’ ಹಾಕಿದರೆ ಉಳಿದವರೆಲ್ಲರ ಕಟ್ಟಿಗೆ ಒಂದೊಂದು ಶಾಪದ ಕಾರ್ಡ್ ಸೇರುತ್ತದೆ. ಕೊನೆಗೆ ಒಂದು ಅಂಕ ಕಳೆಯುತ್ತದೆ. ‘ಮೋಟ್’ ತೋರಿಸಿದವರು ಮಾತ್ರ ಪಾರು.

ಎಲ್ಲರೂ ಒಪ್ಪಿ ಕೂತಿದ್ದಾರೆ, ತಪ್ಪೇನು ಅಂತೀರಿ. ಅರ್ಧ ಸರಿ. ವಿಚ್ ಯಾರನ್ನೂ ಆರಿಸಿ ಹೊಡೆಯುವುದಿಲ್ಲ. ಚೌಕಾಬಾರದಲ್ಲಿ ಆರಿಸುವವರು ನಾವು. ಗೆಲ್ಲುತ್ತಿರುವ ಸೋದರಮಾವನ ಕಾಯಿ, ಹಿಂದೆ ಬಿದ್ದ ಪುಟ್ಟಿಯ ಕಾಯಿ, ಎರಡೂ ಒಂದೇ ಗರಕ್ಕೆ ಸಿಗುತ್ತವೆ. ನಿಯಮ ಎರಡಕ್ಕೂ ಪರವಾನಗಿ ಕೊಡುತ್ತದೆ, ಕಾರಣ ಕೊಡುವುದಿಲ್ಲ. ನಾನು ಮಾವನ ಕಾಯಿಗೇ ಹೋಗುತ್ತೇನೆ. ಒಪ್ಪಿಗೆ ಇರುವುದು ಆಟದ ಹೊಡೆತಕ್ಕೆ, ಹಳೇ ಸೇಡಿಗಲ್ಲ, ಸುಮ್ಮನೆ ಅಳಿಸುವುದಕ್ಕೂ ಅಲ್ಲ.

ಕಡಿಸಿಕೊಂಡ ಕಾಯಿ ಮತ್ತೆ ಮನೆಯಿಂದ ಹೊರಡುತ್ತದೆ. ಅಪ್ರೈಸಲ್ ಹೊತ್ತಿಗೆ ಸಹೋದ್ಯೋಗಿಯ ಬಗ್ಗೆ ಮ್ಯಾನೇಜರ್ ಕಿವಿಗೆ ಹಾಕಿದ ಮಾತು ಹಾಗಲ್ಲ. ಅದು ಅವನ ಕಟ್ಟಿನಲ್ಲೇ ಉಳಿಯುತ್ತದೆ. ‘ಕಾಂಪಿಟಿಷನ್ ಅಲ್ಲೇನು, ನಡೀತದ ಬಿಡು’ ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ: ಅವಗ ರೂಲ್ಸ್ ಹೇಳಿ ಆಟಕ್ಕ ಕೂಡಿಸಿದ್ದೇನಪಾ?