ಗೋಣಿಚೀಲದ ಸಿಂಹ

ಡೆಟ್ರಾಯಿಟ್ ನಗರದ ಒಂದು ಮೋಟಾರು ಬಿಡಿಭಾಗಗಳ ಶೆಡ್ಡು. ಸಿಮೆಂಟು ನೆಲದ ಮೇಲೆ ಹಳೆಯ ಯೂನಿವರ್ಸಲ್ ಜಾಯಿಂಟುಗಳ ರಾಶಿ. ಎಂಜಿನ್ನಿನ ತಿರುಗುಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ದಂಡ ಎಲ್ಲಿ ಬಾಗಬೇಕೋ ಅಲ್ಲಿ ಕೂರುವ ಕೀಲು ಅದು. ನಮ್ಮ ಲಾರಿ ಗ್ಯಾರೇಜಿನವರು ‘ಕ್ರಾಸ್’ ಅನ್ನುತ್ತಾರಲ್ಲ, ಅದು ಇದರ ಹೊಟ್ಟೆಯಲ್ಲಿರುತ್ತದೆ. ಇಬ್ಬರು ಆಳುಗಳು ಒಂದೊಂದನ್ನೇ ಎತ್ತಿ ತಿರುಗಿಸಿ ನೋಡುತ್ತಿದ್ದಾರೆ. ರಿಪೇರಿಗೆ ಬಗ್ಗುವುದು ಒಂದು ಗೋಣಿಗೆ, ಕೆಟ್ಟು ಕೂತದ್ದು ಇನ್ನೊಂದಕ್ಕೆ. ಆಮೇಲೆ ಅವನ್ನು ರಿಪೇರಿ ಮಾಡಬೇಕಾದವರೂ ಅವರೇ ಆದ್ದರಿಂದ ಕಣ್ಣು ಕೊಂಚ ಚುರುಕಾಗಿಯೇ ಇದೆ.

ಇಬ್ಬರಲ್ಲಿ ಒಬ್ಬ ಕಪ್ಪು ಜನರವನು, ಇನ್ನೊಬ್ಬ ಯಹೂದಿ. ಮೊದಲನೆಯವನು ಒಂದು ಗೋಣಿಯನ್ನು ಎತ್ತಿ ಹಿಡಿಯುತ್ತಾನೆ. ಅದರ ಮೇಲೆ ಡೆಟ್ರಾಯಿಟ್ ಮುನಿಸಿಪಲ್ ಮೃಗಾಲಯದ ಹೆಸರು ಅಚ್ಚಾಗಿದೆ. ಓದಿ ನಗುತ್ತಾನೆ. ಅಲ್ಲಿಯವರು ತಮ್ಮ ಸಿಂಹಕ್ಕೆ ಇಂಥ ಚೀಲದಲ್ಲೇ ಊಟ ಹಾಕುತ್ತಾರೆ ಅನ್ನುವ ಅರ್ಥ ಬರುವಂತೆ ತನ್ನ ಜನರ ಇಂಗ್ಲಿಷಿನಲ್ಲಿ ಒಂದು ಮಾತು ಆಡುತ್ತಾನೆ. ‘ಅವರ’ ಎಂದು ಬರಬೇಕಾದ ಕಡೆಯೆಲ್ಲ ‘ಅವರು’ ಎಂದೇ ಬರುವ ಇಂಗ್ಲಿಷು ಅದು. ಶಾಲೆಯ ಮೇಷ್ಟ್ರಾಗಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದರು. ಆದರೆ ಒಂದೇ ಪದ ಮತ್ತೆ ಮತ್ತೆ ಬಡಿದು, ಆ ಪುಟ್ಟ ಮಾತಿಗೆ ತಮಟೆಯ ಗತ್ತು ಬಂದುಬಿಟ್ಟಿತ್ತು.

ಕೇಳಿಸಿಕೊಂಡವನು ಫಿಲಿಪ್ ಲೆವೀನ್. ಇವನು ಭಾಷೆಯಲ್ಲಿ ಅಸಾಮಾನ್ಯ ಎಂದು ಅವನಿಗೆ ಅಲ್ಲೇ ಅನ್ನಿಸಿತಂತೆ. ಅಷ್ಟೇ. ಮಾತು ಮುಗಿಯಿತು, ಕೆಲಸ ನಡೆಯಿತು. ಮುಂದೆ 1967ರ ಜುಲೈಯಲ್ಲಿ ಡೆಟ್ರಾಯಿಟ್ ಗಲಭೆಯಲ್ಲಿ ಹೊತ್ತಿ ಉರಿದು 43 ಜನ ಸತ್ತರು. ಅಷ್ಟರಲ್ಲಿ ಲೆವೀನ್ ಊರು ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಮೇಷ್ಟ್ರಾಗಿದ್ದ. ಊರು ಏನಾಗಿದೆ ನೋಡೋಣವೆಂದು ಮರಳಿ ಹೋದ. ಆಗ, ಇಷ್ಟೂ ವರ್ಷ ಎಲ್ಲೋ ಮಲಗಿದ್ದ ಆ ಗೋಣಿಚೀಲದ ಮಾತು ಎದ್ದು ಕೂತಿತು. 1972ರಲ್ಲಿ ಬಂದ ಅವನ ‘ದೇ ಫೀಡ್ ದೇ ಲಯನ್’ ಕವನ ಸಂಕಲನಕ್ಕೆ ಹೆಸರು ಕೊಟ್ಟದ್ದು ಅದೇ. ಶೆಡ್ಡಿನ ತಮಾಷೆಯ ಸಿಂಹ ಈಗ ತಮಾಷೆಯದಾಗಿ ಉಳಿದಿರಲಿಲ್ಲ. ಗ್ರೀಸು, ಬೆಂಕಿ, ಅವಮಾನ ಎಲ್ಲವನ್ನೂ ತಿಂದು ಬೆಳೆದ, ಊರಿನ ಮೇಲೇ ಎರಗುವ ಕೋಪವಾಗಿತ್ತು.

ನನ್ನ ಬೆರಗು ಇರುವುದು ಕಾರ್ಖಾನೆಯ ಆಳೊಬ್ಬ ಕವಿಯಾದದ್ದರಲ್ಲಿ ಅಲ್ಲ. ಹಾಗೆ ಬೆರಗಾಗುವುದರಲ್ಲಿ, ಬಿಡಿಸಿ ನೋಡಿದರೆ, ಒಂದು ಸಣ್ಣ ಅಹಂಕಾರವಿದೆ. ಆಳುಗಳಿಗೆ ಕವಿತೆ ಒಲಿಯಬಾರದಿತ್ತು ಎನ್ನುವ ಹಾಗೆ. ನನ್ನನ್ನು ಕಾಡುವುದು ನಡುವಿನ ಆ ಹದಿನೈದು ಚಿಲ್ಲರೆ ವರ್ಷ. ಅಷ್ಟು ದಿನ ಆ ಮಾತು ಎಲ್ಲಿತ್ತು? ಯಾರ ಸ್ವತ್ತಾಗಿತ್ತು? ಕಬ್ಬಿಣ ಅಷ್ಟು ಕಾಲ ಮೂಲೆಯಲ್ಲಿ ಬಿದ್ದಿದ್ದರೆ ತುಕ್ಕು ತಿನ್ನುತ್ತದೆ. ಮಾತು ಹೇಗೆ ಹರಿತವಾಯಿತು?

ಲೆವೀನ್ ಹುಟ್ಟಿದ್ದು 1928ರ ಜನವರಿಯಲ್ಲಿ, ಡೆಟ್ರಾಯಿಟಿನಲ್ಲೇ. ರಷ್ಯಾದ ಕಡೆಯಿಂದ ವಲಸೆ ಬಂದ ಯಹೂದಿಗಳ ಮನೆ. ತಂದೆಗೆ ಹಳೆಯ ಮೋಟಾರು ಭಾಗಗಳ ವ್ಯಾಪಾರವಿತ್ತು. ಹುಡುಗನಿಗೆ ಐದು ವರ್ಷವಾದಾಗ ತಂದೆ ತೀರಿಕೊಂಡ. ಮೂರು ಗಂಡುಮಕ್ಕಳನ್ನು ತಾಯಿ ಕಚೇರಿ ಕೆಲಸ ಮಾಡಿ ಸಾಕಿದಳು. ಫಿಲಿಪ್‌ಗೆ ಒಬ್ಬ ಅವಳಿ ಸೋದರನಿದ್ದ. ಈ ಸೋದರನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹದಿಮೂರು ಹದಿನಾಲ್ಕರ ವಯಸ್ಸಿನ ಒಂದು ಸಂಗತಿಯನ್ನು ಅವನು ಬರೆದುಕೊಂಡಿದ್ದಾನೆ. ಮನೆ ಊರಂಚಿಗೆ ಬದಲಾಗಿತ್ತು. ಸುತ್ತ ಇನ್ನೂ ಮನೆ ಏಳದ ಸೈಟುಗಳು, ಮರಗಿಡ. ರಾತ್ರಿ ಊಟವಾದ ಮೇಲೆ ಹುಡುಗ ಒಬ್ಬನೇ ಆ ಕತ್ತಲಿಗೆ ಹೋಗಿ ಗಟ್ಟಿಯಾಗಿ ಮಾತಾಡುತ್ತಿದ್ದ. ಚಂದ್ರನ ಜತೆ, ನಕ್ಷತ್ರಗಳ ಜತೆ. ಒಂದು ಮಾತು ಹೇಳಿ, ಅದನ್ನೇ ಸ್ವಲ್ಪ ತಿರುಗಿಸಿ ಮತ್ತೆ ಹೇಳಿ, ಕಿವಿಗೆ ಹಿತವಾಗುವತನಕ ಬಿಡುತ್ತಿರಲಿಲ್ಲ. ಅದಕ್ಕೆ ಕವಿತೆ ಎಂಬ ಹೆಸರಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹೆಸರಿಲ್ಲದೆ ಮಾಡುವ ಕೆಲಸದ ಸುಖವೇ ಬೇರೆ. ಸಂಗೀತ ಪಾಠಕ್ಕೆ ಹೋಗುವ ಮುಂಚೆ ಬಚ್ಚಲಲ್ಲಿ ಹಾಡುವ ಮಕ್ಕಳನ್ನು ಕೇಳಿದವರಿಗೆ ಇದು ಗೊತ್ತು.

ಅದೇ ಹದಿನಾಲ್ಕರಲ್ಲಿ ದುಡಿಮೆ ಶುರುವಾಯಿತು. ಮುಂದೆ ಷೆವರ್ಲೆಯ ಗೇರ್ ಮತ್ತು ಆಕ್ಸಲ್ ಕಾರ್ಖಾನೆ, ಕ್ಯಾಡಿಲಾಕ್, ಇನ್ನೂ ಕೆಲವು ಹೆಸರಿಲ್ಲದ ಶೆಡ್ಡುಗಳು. ನಡುವೆಯೇ ವೇಯ್ನ್ ವಿಶ್ವವಿದ್ಯಾಲಯದಲ್ಲಿ ಓದಿ 1950ರಲ್ಲಿ ಪದವಿ ಪಡೆದ. ಪಡೆದ ಮೇಲೂ ಕಾರ್ಖಾನೆ ಬಿಡಲಿಲ್ಲ. ರಾತ್ರಿ ಚಂದ್ರನ ಜತೆ ಮಾತಾಡಿದವನು ಈಗ ಪಕ್ಕದಲ್ಲಿ ನಿಂತವನಿಗೂ ತನ್ನ ದನಿ ಕೇಳಿಸದ ಜಾಗಕ್ಕೆ ಬಂದಿದ್ದ. ಯಂತ್ರಗಳ ಗದ್ದಲದಲ್ಲಿ ಬಾಯಿ ಆಡುತ್ತಿತ್ತು, ಶಬ್ದ ಹೊರಡುತ್ತಿರಲಿಲ್ಲ. ಈ ಜನಕ್ಕೆ ದನಿಯಾಗಬೇಕು ಎಂದು ಅವನು ಅಲ್ಲೇ ನಿಶ್ಚಯಿಸಿಕೊಂಡನಂತೆ. ಯೌವನದ ಸಂಕಲ್ಪಗಳೆಲ್ಲ ಹೀಗೇ ದೊಡ್ಡವು. ವಿಚಿತ್ರವೆಂದರೆ ಈ ಸಂಕಲ್ಪ ಕೈಗೂಡಲಿಲ್ಲ, ಬಹಳ ಕಾಲ. ಕಾರ್ಖಾನೆಯಲ್ಲಿದ್ದಾಗ ಕಾರ್ಖಾನೆಯ ಬಗ್ಗೆ ಅವನಿಂದ ಒಂದು ಒಳ್ಳೆಯ ಕವಿತೆ ಬರೆಯಲಾಗಲಿಲ್ಲ.

ಇಲ್ಲಿ ಕನ್ನಡದ ಓದುಗನಿಗೆ ‘ಕಾಯಕ’ ಎಂಬ ಮಾತು ನಾಲಗೆಯ ತುದಿಗೆ ಬಂದೇ ಬರುತ್ತದೆ. ನನಗೂ ಬಂತು. ಆದರೆ ಅದನ್ನು ಇಲ್ಲಿ ಇಳಿಸಿದರೆ ಲೆವೀನ್‌ಗೆ ಅನ್ಯಾಯವಾದೀತು. ತಾನು ಮಾಡಿದ ಕೆಲಸಗಳನ್ನು ಅವನು ದಡ್ಡ ಕೆಲಸಗಳೆಂದೇ ಕರೆಯುತ್ತಿದ್ದ. ಅವುಗಳಲ್ಲಿ ಕೈಲಾಸ ಕಾಣಲಿಲ್ಲ. ಸುಡುವ ಶಾಖ, ಬೆನ್ನುನೋವು, ಗಡಿಯಾರ ಕಂಡವು. ಅವನಿಗೆ ಆದರವಿದ್ದದ್ದು ಆ ಕೆಲಸದ ಮೇಲಲ್ಲ, ಅದನ್ನು ಮಾಡುತ್ತಲೇ ನಗುತ್ತ, ಹಾಡುತ್ತ, ಪಕ್ಕದವನ ಹೊರೆ ಹೊರುತ್ತ ಇದ್ದ ಜನರ ಮೇಲೆ.

1953ರಲ್ಲಿ ಅಯೋವಾಕ್ಕೆ ಹೋದ. ಅಲ್ಲಿ ಕವಿಗಳಾದ ರಾಬರ್ಟ್ ಲೋವೆಲ್ ಮತ್ತು ಜಾನ್ ಬೆರಿಮನ್ ಕವಿತೆಯ ಪಾಠ ಹೇಳುತ್ತಿದ್ದರು. ಲೋವೆಲ್ ರುಚಿಸಲಿಲ್ಲ, ಬೆರಿಮನ್ ಬದುಕಿಗೇ ಗುರುವಾದ. 1958ರಿಂದ ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದ ಸರಕಾರಿ ಕಾಲೇಜಿನಲ್ಲಿ ನೌಕರಿ. ಅಲ್ಲಿ ಅವನ ಮುಂದೆ ಕೂತವರಲ್ಲಿ ಹೊಲದ ಕೂಲಿಗಳ ಮನೆಯಿಂದ ಬಂದ ಗ್ಯಾರಿ ಸೋಟೋನಂಥವರಿದ್ದರು. ಹೊಟ್ಟೆ ಬಟ್ಟೆಗೆ ತೊಂದರೆಯಿಲ್ಲ, ಕಿವಿಗೆ ಗದ್ದಲವಿಲ್ಲ. ಬರೆಯಲು ಇನ್ನೇನು ಅಡ್ಡಿ?

ಅಡ್ಡಿಯಾಗಿದ್ದದ್ದು ಏನೆಂದು ತಿಳಿಸಿದ್ದು ಒಂದು ಕನಸು. ಕನಸಿನಲ್ಲಿ ಫೋನು ಬಂತು. ಡೆಟ್ರಾಯಿಟಿನಲ್ಲಿ ಜತೆಗೆ ದುಡಿದಿದ್ದ ಕಪ್ಪು ಗೆಳೆಯ. ಸಂಸಾರ ಸಮೇತ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಾನೆ, ಇಲ್ಲೇ ಹತ್ತಿರದಲ್ಲಿದ್ದಾನೆ. ನೋಡಬೇಕು ಅನ್ನುವುದು ಅವನ ದನಿಯಲ್ಲೇ ಇದೆ, ಬಾಯಿಬಿಟ್ಟು ಕೇಳುತ್ತಿಲ್ಲ. ಲೆವೀನ್ ಏನು ಮಾಡಿದ? ಅಲ್ಲಿ ನೋಡು, ಇಲ್ಲಿ ನೋಡು ಎಂದು ಪ್ರವಾಸದ ಸಲಹೆ ಕೊಟ್ಟ. ‘ಮನೆಗೆ ಬಾರಪ್ಪಾ’ ಎಂಬ ಒಂದು ಮಾತು ಮಾತ್ರ ಆಡಲಿಲ್ಲ. ನಾಚಿಕೆಯಿಂದ ಎಚ್ಚರವಾಯಿತು. ಕನಸೇ ಆದರೂ ಅದನ್ನು ಮಾಡಿದವನು ತಾನೇ ತಾನೆ? ಹಾಸಿಗೆಗೆ ಮರಳಿ ದಿನಗಟ್ಟಲೆ ಅಲ್ಲೇ ಇದ್ದು ಬರೆದ. ಕಾರ್ಖಾನೆಯ ಜನ ಒಬ್ಬೊಬ್ಬರಾಗಿ ಬಂದರು. ಮನೆಗೆ ಕರೆಯದವನನ್ನು ಕವಿತೆಗೆ ಕರೆದಂತಾಯಿತು.

ಈ ಕನಸಿನ ಮಾತನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿ ಸುಮ್ಮನೆ ಕೂತೆ. ಬೆರಗು ಅಂದರೆ ಆಕಾಶ ನೋಡುವುದು, ಕಡಲು ನೋಡುವುದು ಎಂದು ನಾವು ತಿಳಿದಿರುತ್ತೇವೆ. ನಾಚಿಕೆಯ ಬಾಗಿಲಿಂದಲೂ ಅದು ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನನಗೂ ಹಾಗೆ ಮನೆಗೆ ಕರೆಯದೆ ಬಿಟ್ಟವರಿದ್ದಾರೆ. ಕನಸು ಮಾತ್ರ ಇನ್ನೂ ಬಿದ್ದಿಲ್ಲ.

ಈಗ ಸೋದರನ ವಿಷಯ. 1991ರ ‘ವಾಟ್ ವರ್ಕ್ ಈಸ್’ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಸಂಕಲನ. ಅದರ ಹೆಸರಿನ ಕವಿತೆ ನಡೆಯುವುದು ಫೋರ್ಡ್ ಕಂಪನಿಯ ಹೈಲೆಂಡ್ ಪಾರ್ಕ್ ಕಾರ್ಖಾನೆಯ ಮುಂದೆ. ಡೆಟ್ರಾಯಿಟ್ ಬಹುಪಾಲು ಸುತ್ತುವರಿದ, ಆದರೆ ತನ್ನದೇ ಪುರಸಭೆಯಿರುವ ಪುಟ್ಟ ಊರು ಹೈಲೆಂಡ್ ಪಾರ್ಕ್. 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಮೋಟಾರು ತಯಾರಿಕೆಗೆ ಬಂದದ್ದು ಇಲ್ಲೇ. ಮಾಡೆಲ್ ಟಿ ಕಾರಿನ ಚಾಸಿ ಜೋಡಿಸಲು ಹಿಡಿಯುತ್ತಿದ್ದ ಹನ್ನೆರಡೂವರೆ ಗಂಟೆ, ಕೆಲವೇ ತಿಂಗಳಲ್ಲಿ 93 ನಿಮಿಷಕ್ಕೆ ಇಳಿಯಿತು. ಒಬ್ಬ ಬೋಲ್ಟು ಇಡುವವನು, ಇನ್ನೊಬ್ಬ ನಟ್ಟು ತಿರುಗಿಸುವವನು. ಬೇಸತ್ತ ಜನ ಗುಂಪುಗುಂಪಾಗಿ ಕೆಲಸ ಬಿಟ್ಟು ಹೋಗತೊಡಗಿದರು. ಅವರನ್ನು ಹಿಡಿದಿಡಲು 1914ರಲ್ಲಿ ದಿನಕ್ಕೆ 5 ಡಾಲರ್ ಕೂಲಿ ಬಂತು. ಕೆಲಸ ಅಂದರೆ ಏನು ಎಂಬ ಪ್ರಶ್ನೆಗೆ ಆ ಗೇಟು ತನ್ನ ಉತ್ತರವನ್ನು ನಿಮಿಷಗಳಲ್ಲೂ ಡಾಲರುಗಳಲ್ಲೂ ಕೊಟ್ಟಾಗಿತ್ತು.

ಲೆವೀನ್ ಅದೇ ಗೇಟಿನ ಮುಂದೆ, ಜಿಟಿಜಿಟಿ ಮಳೆಯಲ್ಲಿ, ಕೆಲಸ ಕೇಳುವವರ ಸಾಲಿನಲ್ಲಿ ಒಬ್ಬನನ್ನು ನಿಲ್ಲಿಸುತ್ತಾನೆ. ಕಾಲು ಬದಲಿಸಿ ಬದಲಿಸಿ ನಿಂತವನಿಗೆ, ಮಳೆಹನಿಯಲ್ಲಿ ಕಣ್ಣು ಮಂಜಾಗಿ, ಹತ್ತಾಳು ಮುಂದೆ ಸ್ವಂತ ಸೋದರನೇ ನಿಂತಂತೆ ಕಾಣುತ್ತದೆ. ಅಲ್ಲ, ಯಾರೋ ಬೇರೆಯವನು. ಭುಜ ಬಾಗಿದ ರೀತಿ ಮಾತ್ರ ಅದೇ. ಸೋದರ ಕ್ಯಾಡಿಲಾಕ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಯಲ್ಲಿ ಮಲಗಿದ್ದಾನೆ. ಮಧ್ಯಾಹ್ನದೊಳಗೆ ಎದ್ದು ಜರ್ಮನ್ ಕಲಿಯಬೇಕು. ಯಾಕೆಂದರೆ ವಾಗ್ನರ್‌ನ ಅಪೆರಾ ಹಾಡಬೇಕು. ಆ ಸಂಗೀತ ಈ ಸಾಲಿನಲ್ಲಿ ನಿಂತವನಿಗೆ ಸುತರಾಂ ಸೇರದು. ಆದರೂ ಆ ಕ್ಷಣ ಅವನಿಗೆ ಹೊಳೆಯುತ್ತದೆ: ನನಗೆ ನಿನ್ನ ಮೇಲೆ ಪ್ರೀತಿ ಇದೆ ಕಣೋ ಎಂದು ಸೋದರನಿಗೆ ಹೇಳಿ ಎಷ್ಟು ಕಾಲವಾಯಿತು? ಬಹುಶಃ ಹೇಳಿಯೇ ಇಲ್ಲ.

ಕೆಲಸ ಖಾಲಿ ಇಲ್ಲ ಎನ್ನಲು ಮುಂದೆ ಒಬ್ಬ ಕಾದಿದ್ದಾನೆ. ಹಿಂದೆ ಮಳೆ. ನಡುವೆ ಒಬ್ಬ ಅಪರಿಚಿತನ ಬೆನ್ನು. ಆ ಬೆನ್ನೇ ಸಾಕಾಯಿತು. ರಾತ್ರಿಯಿಡೀ ಗ್ರೀಸಿನಲ್ಲಿದ್ದು ಹಗಲು ಜರ್ಮನ್ ವ್ಯಾಕರಣದ ಮುಂದೆ ಕೂರುವ ಆ ಹುಡುಗನನ್ನು ನೆನೆದಾಗೆಲ್ಲ, ಕತ್ತಲಲ್ಲಿ ಚಂದ್ರನಿಗೆ ಮಾತು ಹೇಳಿಕೊಡುತ್ತಿದ್ದ ಇನ್ನೊಬ್ಬನೂ ನನಗೆ ನೆನಪಾಗುತ್ತಾನೆ. ಅವಳಿಗಳೇ ಸರಿ.

1995ರಲ್ಲಿ ಪುಲಿಟ್ಜರ್ ಬಂತು. 2011ರಲ್ಲಿ, 83ನೇ ವಯಸ್ಸಿನಲ್ಲಿ, ಲೈಬ್ರರಿ ಆಫ್ ಕಾಂಗ್ರೆಸ್ ಅವನನ್ನು ದೇಶದ ಆಸ್ಥಾನಕವಿಯೆಂದು ಕರೆಯಿತು. 2013ರಲ್ಲಿ ಡೆಟ್ರಾಯಿಟ್ ನಗರ ದಿವಾಳಿ ಅರ್ಜಿ ಹಾಕಿತು. 2015ರ ಫೆಬ್ರವರಿಯಲ್ಲಿ ಲೆವೀನ್ ಫ್ರೆಸ್ನೋದಲ್ಲಿ ತೀರಿಕೊಂಡ.

ನಾನು ಮತ್ತೆ ಮತ್ತೆ ಆ ಶೆಡ್ಡಿಗೇ ಹೋಗುತ್ತೇನೆ. ಗೋಣಿ ಎತ್ತಿ ಹಿಡಿದವನು ನಕ್ಕದ್ದನ್ನು ಲೆವೀನ್ ಮರೆಯದೆ ಹೇಳಿದ್ದಾನೆ. ತಾನಾಡುವುದು ಎದುರಿನವನ ಇಂಗ್ಲಿಷ್ ಅಲ್ಲ, ಆದರೂ ಅವನಿಗೆ ತಿಳಿಯುತ್ತದೆ ಎಂದು ಗೊತ್ತಿದ್ದು ನಕ್ಕ ನಗು ಅದು. ತನ್ನ ಮಾತಿನ ಚೆಲುವನ್ನು ತಾನೇ ಸವಿದು, ತಾನೇ ಅಣಕಿಸಿದ ನಗು. ಪುಸ್ತಕದ ಮೇಲೆ ಬಂದದ್ದು ಕೇಳಿಸಿಕೊಂಡವನ ಹೆಸರು. ಆಡಿದವನು ಚೀಲದ ಬಾಯಿ ಅಗಲಿಸಿದ, ಇನ್ನೊಂದು ಜಾಯಿಂಟು ಎತ್ತಿಕೊಂಡ. ರಾಶಿ ಇನ್ನೂ ಬಾಕಿಯಿತ್ತು.