ಗೋಡೆಯ ಕೋವಿ, ಜೇಬಿನ ಪಿಸ್ತೂಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ತೋಟದ ಮನೆಗಳಿಗೆ ಕೋವಿ ಹೊಸ ವಸ್ತುವೇನೂ ಅಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೋ ಹಳ್ಳವೋ ಅಡ್ಡವಾಗಿರುವ ಸೀಮೆ ಅದು. ಗದ್ದೆಗೆ ಹಂದಿ ಬರುತ್ತದೆ, ತೋಟಕ್ಕೆ ಮಂಗ ಬರುತ್ತದೆ. ಬೇಸಾಯಗಾರನು ಕೇಪಿನ ಕೋವಿಯನ್ನೋ ತೋಟಾ ಕೋವಿಯನ್ನೋ ತೆಗೆದು ಒಂದು ಈಡು ಹಾರಿಸಿ ಮಲಗುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಆ ಈಡು ಬಹುಮಟ್ಟಿಗೆ ಆಕಾಶಕ್ಕೇ ಹೋಗಬೇಕಾಗಿದೆ. ಹಿಂದೆ ಕೋವಿ ಜಗಲಿಯ ಗೋಡೆಯ ಗೂಟದಲ್ಲಿ ತೂಗುತ್ತಿತ್ತು, ಈಗ ಬೀಗ ಹಾಕಿದ ಬೀರುವಿನಲ್ಲಿದೆ. ಎಲ್ಲಿದ್ದರೂ ಅದು ಇದೆಯೆಂಬ ಸಂಗತಿ ಊರಿಗೇ ಗೊತ್ತು. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಯ್ದು ಒಪ್ಪಿಸುವ ಕಟ್ಟಳೆಯೂ ಉಂಟು. ಹಂದಿಗೆ ಚುನಾವಣೆಯಿಲ್ಲವಲ್ಲ ಎಂದು ಬೆಳೆಗಾರರು ಗೊಣಗುವುದೂ ಉಂಟು.

ಇಂಥ ಮನೆಯ ಯಜಮಾನರೊಬ್ಬರು ಬೇರೊಂದು ಪ್ರಶ್ನೆ ಕೇಳಿದರೆನ್ನಿ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಅಷ್ಟು ದೊಡ್ಡ ಮನೆಯಲ್ಲಿ ಗಂಡಹೆಂಡಿರು ಇಬ್ಬರೇ. ಅಡಿಕೆಯ ವ್ಯವಹಾರಕ್ಕಾಗಿ ಪೇಟೆಗೆ ಹೋಗಿ ಕತ್ತಲಾದ ಮೇಲೆ ಘಟ್ಟದ ದಾರಿಯಲ್ಲಿ ಒಬ್ಬರೇ ಹಿಂತಿರುಗಬೇಕು. “ಕೋವಿ ಹೊತ್ತು ಪೇಟೆ ಸುತ್ತಲಾಗುತ್ತದೆಯೆ? ಅಂಗಿಯ ಕೆಳಗಿದ್ದರೆ ಯಾರಿಗೂ ಕಾಣದಂಥ ಒಂದು ಸಣ್ಣ ಪಿಸ್ತೂಲು ಬೇಕು. ಯಾವುದನ್ನು ಕೊಳ್ಳಲಿ?” ನಗರದ ವರ್ತಕನೂ ಇದನ್ನೇ ಕೇಳಬಹುದು, ರಾತ್ರಿ ಕೆಲಸ ಮುಗಿಸಿ ಮನೆಗೆ ಮರಳುವ ಹೆಂಗಸೂ ಕೇಳಬಹುದು. ಪ್ರಶ್ನೆ ನಗೆಪಾಟಲಿನದಲ್ಲ. ಭಯ ನಿಜವಾದದ್ದು, ಭಯಪಟ್ಟವರಿಗೆ ವೇದಾಂತ ಹೇಳಿ ಕಳುಹಿಸುವುದು ಸುಲಭ, ಆದರೆ ನ್ಯಾಯವಲ್ಲ. ಆದ್ದರಿಂದ ಮೊದಲು ಕೇಳಿದ ಪ್ರಶ್ನೆಗೇ ಉತ್ತರ ಹುಡುಕೋಣ.

ನಮ್ಮ ದೇಶದಲ್ಲಿ 9 ಮಿಲಿಮೀಟರಿನ ಪಿಸ್ತೂಲು ಸಾಮಾನ್ಯ ಪ್ರಜೆಗೆ ನಿಷಿದ್ಧ. ಪಾಯಿಂಟ್ 32 ಬೋರಿನದು ಲೈಸೆನ್ಸಿನ ಮೇಲೆ ಸಿಗುತ್ತದೆ. 2012ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ನಡೆದ ಆ ಘೋರ ಅತ್ಯಾಚಾರದ ತರುವಾಯ, 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರ ಕೈಚೀಲಕ್ಕೆ ಒಪ್ಪುವುದೆಂದು ‘ನಿರ್ಭೀಕ್’ ಎಂಬ ರಿವಾಲ್ವರನ್ನು ಹೊರತಂದಿತು. ತೂಕ ಸುಮಾರು 500 ಗ್ರಾಂ, ಗುಂಡು ಆರು, ಬೆಲೆ ಒಂದು ಲಕ್ಷ ರೂಪಾಯಿಗೂ ಮಿಗಿಲು. ಭಯ ಯಾರಿಗೆ ಹೆಚ್ಚೋ ಅವರ ಕೈಗೆ ಈ ಬೆಲೆ ಎಟುಕುವುದೇ ಎಂಬ ಮಾತು ಆಗಲೇ ಎದ್ದಿತು. ಅದಿರಲಿ. ಸಣ್ಣ ಆಯುಧದಲ್ಲಿ ಒಂದು ವಿಚಿತ್ರವಿದೆ. ತೂಕ ಕಡಿಮೆಯಾದಷ್ಟೂ ಗುಂಡು ಹಾರುವಾಗ ಕೈಗೆ ಬೀಳುವ ಒದೆತ ಹೆಚ್ಚು. ನಳಿಗೆ ಗಿಡ್ಡವಾದಷ್ಟೂ ಗುರಿ ಹಿಡಿಯುವುದು ಕಷ್ಟ. ಹಿಡಿ ಚಿಕ್ಕದಾದಷ್ಟೂ ಬೆರಳಿಗೆ ಆಧಾರ ಕಡಿಮೆ. ಅಂದರೆ, ಬಚ್ಚಿಡಲು ಅನುಕೂಲವಾದ ಒಂದೊಂದು ಗುಣವೂ ಸರಿಯಾಗಿ ಬಳಸಲು ಅನನುಕೂಲವಾದ ಗುಣವೇ ಆಗಿದೆ. ಇದನ್ನು ಅಭ್ಯಾಸದಿಂದ ಗೆಲ್ಲಬಹುದು, ನಿಜ. ಆದರೆ ಅಭ್ಯಾಸಕ್ಕೆ ಗುಂಡು ಬೇಕು, ಗುಂಡಿಗೆ ಮಿತಿಯುಂಟು, ಲೆಕ್ಕವುಂಟು. ಲಕ್ಷ ಕೊಟ್ಟು ಕೊಂಡು ವರ್ಷಕ್ಕೊಮ್ಮೆ ಎಣ್ಣೆ ಒರೆಸಿ ಇಡುವವನ ಕೈಯಲ್ಲಿ ಅದು ಆಪತ್ತಿಗೆ ಒದಗುವುದೆಂದು ನಂಬುವುದು, ಈಜು ಕಲಿಯದೆ ದೋಣಿ ಕೊಂಡಂತೆ.

ಯಜಮಾನರು ಹೇಳಬಹುದು: “ದೂರದ ಗುರಿ ನನಗೇಕೆ? ಕಳ್ಳ ಎದುರಿಗೇ ಬರುತ್ತಾನೆ.” ಬರುತ್ತಾನೆ. ಎರಡು ಮಾರು ದೂರದಲ್ಲಿ, ಎರಡು ಕ್ಷಣಗಳ ಅವಧಿಯಲ್ಲಿ ಎಲ್ಲವೂ ಮುಗಿಯುತ್ತದೆ. ಅಷ್ಟರಲ್ಲಿ ಅಂಗಿ ಸರಿಸಿ, ಪಿಸ್ತೂಲು ಹೊರತೆಗೆದು, ಎದುರಿಗಿರುವವನು ದರೋಡೆಗಾರನೋ ದಾರಿ ಕೇಳಲು ಬಂದವನೋ ಎಂದು ನಿಶ್ಚಯಿಸಿ, ಕುದುರೆ ಎಳೆಯಬೇಕು. ಕೈಗಿಂತ ಮೊದಲು ಮನಸ್ಸು ಸಿದ್ಧವಾಗಿರದಿದ್ದರೆ ಇದು ಸಾಧ್ಯವಿಲ್ಲ. ಆದಕಾರಣ ಜೇಬಿನ ಪಿಸ್ತೂಲು ತನ್ನ ಒಡೆಯನಿಂದ ಮುಂಗಡವಾಗಿ ಒಂದು ತೀರ್ಪನ್ನು ಕೇಳುತ್ತದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನು, ತೋಟದ ದಾರಿಯಲ್ಲಿ ಎದುರಾದ ಹೊಸ ಆಳು, ಸಂಜೆಯ ಮೇಲೆ ಬಾಗಿಲು ತಟ್ಟಿದವನು, ಇವರೆಲ್ಲರ ಮೇಲೂ ಆ ತೀರ್ಪು ಅರ್ಧ ಬರೆದಾಗಿರಬೇಕು. ನಾವು ಯೋಚಿಸಬೇಕಾದ ಧರ್ಮಸೂಕ್ಷ್ಮ ಇಲ್ಲಿದೆ ಎಂದು ನನ್ನ ಎಣಿಕೆ.

ಆತ್ಮರಕ್ಷಣೆ ತಪ್ಪೆಂದು ಇದರ ಅರ್ಥವಲ್ಲ. ಕೈಯೆತ್ತಿ ಕೊಲ್ಲಲು ಬಂದ ಆತತಾಯಿಯನ್ನು ಎದುರಿಸಿ ಕೊಂದರೆ ದೋಷವಿಲ್ಲವೆಂದು ಮನುಸ್ಮೃತಿ ಹೇಳುತ್ತದೆ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿ ಇರುವುದು ಅಹಿಂಸೆಯನ್ನೇ ಪರಮಧರ್ಮವೆಂದ ಜೈನರ ಕ್ಷೇತ್ರದಲ್ಲಿ. ಆ ಜೈನರೂ ಸಂಕಲ್ಪಪೂರ್ವಕವಾದ ಹಿಂಸೆಯನ್ನೂ, ಎದುರಾಳಿಯ ಆಕ್ರಮಣವನ್ನು ತಡೆಯುವಾಗ ಆಗುವ ‘ವಿರೋಧಿ ಹಿಂಸೆ’ಯನ್ನೂ ಬೇರೆಬೇರೆಯಾಗಿಟ್ಟರು. ಮೊದಲನೆಯದನ್ನು ಗೃಹಸ್ಥನು ಬಿಡಲೇಬೇಕು. ಎರಡನೆಯದು ಸಂಸಾರದಲ್ಲಿರುವವನಿಗೆ ಅನಿವಾರ್ಯವಾದೀತೆಂದು ಒಪ್ಪಿದರು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ, ಅದಕ್ಕೆ ಹಿಂದಿನ ದಂಡ ಸಂಹಿತೆಯಂತೆಯೇ, ಆತ್ಮರಕ್ಷಣೆಯ ಹಕ್ಕನ್ನು ಮನ್ನಿಸಿ, ಬೇಕಾದುದಕ್ಕಿಂತ ಹೆಚ್ಚಿನ ಪೆಟ್ಟು ಕೊಡಬಾರದೆಂಬ ಎಲ್ಲೆಯನ್ನೂ ಹಾಕಿದೆ. ಹಕ್ಕಿನ ವಿಷಯದಲ್ಲಿ ವಾದವಿಲ್ಲ. ಆ ಹಕ್ಕನ್ನು ಗುಟ್ಟಾಗಿ ಸೊಂಟದಲ್ಲಿ ಹೊತ್ತು ತಿರುಗಬೇಕೆ ಎಂಬುದಷ್ಟೆ ಪ್ರಶ್ನೆ.

ಬಸದಿಯ ಜ್ವಾಲಾಮಾಲಿನಿಯನ್ನು ಕಂಡವರು ಬಲ್ಲರು: ಎಂಟು ಕೈಗಳ ದೇವಿ ಆಕೆ, ಹಿಡಿದ ಆಯುಧಗಳೆಲ್ಲ ಕಾಣುವಂತೆಯೇ ಇವೆ. ನಮ್ಮ ದೇವತೆಗಳು ಆಯುಧಧಾರಿಗಳಾದರೂ ಸೆರಗಿನಲ್ಲಿ ಆಯುಧ ಮರೆಸಿಕೊಂಡ ದೇವರಿಗೆ ಗುಡಿ ಕಟ್ಟಿದಂತೆ ಕಾಣೆ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ವಾಡಿಕೆಯಿದೆ. ಅಲ್ಲಿ ಕೋವಿ ನೆರೆಯವರಿಗೆ ಸುದ್ದಿ ಮುಟ್ಟಿಸುವ ಕೊರಳು. ಶೃಂಗೇರಿಯ ತುಂಗೆಯ ದಡದಲ್ಲಿ ಕಪ್ಪೆಶಂಕರನ ಕಥೆ ಎಲ್ಲರಿಗೂ ಗೊತ್ತು: ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಸರ್ಪ ಹೆಡೆಯ ನೆರಳು ಹಿಡಿಯಿತಂತೆ, ಅದನ್ನು ಕಂಡು ಶಂಕರಾಚಾರ್ಯರು ಅಲ್ಲಿ ನಿಂತರಂತೆ. ಕಥೆಯಲ್ಲಿ ಹಾವಿನ ವಿಷವೇನೂ ಇಂಗಿಹೋಗಿರಲಿಲ್ಲ. ಆದರೆ ಹೆಡೆಯೆಂಬುದು ಬಿಚ್ಚಿದಾಗ ಎಲ್ಲರಿಗೂ ಕಾಣುವಂಥದು. “ನಾನಿದ್ದೇನೆ, ದೂರ ಸರಿ” ಎಂದು ಮೊದಲೇ ಹೇಳುತ್ತದೆ. ಸರಿಯುವವನಿಗೆ ಸರಿಯಲು ಅವಕಾಶ ಕೊಡುತ್ತದೆ. ಗೋಡೆಯ ಕೋವಿಗೆ ಹೆಡೆಯಿದೆ. ಜೇಬಿನ ಪಿಸ್ತೂಲಿಗೆ ವಿಷವಷ್ಟೇ ಇದೆ.

ನಮ್ಮ ಶಾಸನ ಈ ಅಂತರವನ್ನು ತನ್ನದೇ ರೀತಿಯಲ್ಲಿ ಗುರುತಿಸಿದೆ. 1959ರ ಆಯುಧ ಕಾಯಿದೆಯ 13ನೆಯ ವಿಧಿಯನ್ನು ನೋಡಿ. ರಕ್ಷಣೆಗಾಗಿಯೋ ಬೇಟೆಯಾಟಕ್ಕಾಗಿಯೋ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಕೋವಿ ಬೇಕೆಂದು ಪ್ರಜೆ ಕೇಳಿದರೆ, ಬೇರೆ ಅಡ್ಡಿಯಿಲ್ಲದಿದ್ದಲ್ಲಿ, ಲೈಸೆನ್ಸು ಕೊಡತಕ್ಕದ್ದು. ಬೆಳೆಯ ಕಾವಲಿನ ಕೇಪಿನ ಕೋವಿಗೂ ಹಾಗೆಯೇ. ಅದಕ್ಕಿಂತ ಬೇರೆಯಾದ ಆಯುಧ ಬೇಕೆಂದರೆ ಮಾತ್ರ ‘ತಕ್ಕ ಕಾರಣ’ವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. 20 ಅಂಗುಲದ ನಳಿಗೆ ಯಾವ ಜೇಬಿನಲ್ಲೂ ಹಿಡಿಯದು. ಶಾಸನ ಬರೆದವರ ಅಭಿಪ್ರಾಯ ಏನೇ ಇರಲಿ, ಈ ಅಳತೆಯಲ್ಲಿ ನನಗೆ ಒಂದು ನೀತಿ ಕಾಣುತ್ತದೆ: ಕಾಣುವ ಆಯುಧಕ್ಕೆ ಸಮಾಜ ಸುಲಭವಾಗಿ ಒಪ್ಪಿಗೆ ಕೊಡುತ್ತದೆ, ಕಾಣದ ಆಯುಧಕ್ಕೆ ಕಾರಣ ಕೇಳುತ್ತದೆ.

ಇದಕ್ಕೆ ಬಲ್ಲವರೊಬ್ಬರು ಆಕ್ಷೇಪ ತರಬಹುದು. 2016ರ ಆಯುಧ ನಿಯಮಗಳೇ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಚರ್ಮದ ಒರೆಯಲ್ಲೋ ಚೀಲದಲ್ಲೋ ಪೂರ್ತಿ ಮುಚ್ಚಿಯೇ ಒಯ್ಯಬೇಕೆನ್ನುತ್ತವೆಯಲ್ಲ? ಹೌದು, ಹೇಳುತ್ತವೆ. ಮದುವೆಯ ದಿಬ್ಬಣದಲ್ಲಿ ಪಿಸ್ತೂಲು ಝಳಪಿಸುವ ಮೆರವಣಿಗೆ ವೀರರನ್ನು ನೋಡಿದರೆ ಆ ನಿಯಮ ಎಷ್ಟು ಅಗತ್ಯವೆಂದು ತಿಳಿಯುತ್ತದೆ. ಆದರೆ ಮುಚ್ಚುವುದು ಬೇರೆ, ಮರೆಸುವುದು ಬೇರೆ. ಮುಚ್ಚುವುದು ಸಭ್ಯತೆ, ಎದುರಿಗಿರುವವರನ್ನು ಹೆದರಿಸದಿರುವ ಸಂಕೋಚ. ಮರೆಸುವುದು, ತನ್ನಲ್ಲಿರುವುದು ಯಾರಿಗೂ ತಿಳಿಯಬಾರದೆಂಬ ಹಂಚಿಕೆ. ಕಣ್ಣಿಗೆ ಕಾಣದಿದ್ದರೂ ಮನೆಯವರಿಗೆ, ನೆರೆಯವರಿಗೆ, ಠಾಣೆಗೆ ತಿಳಿದಿರುವ ಆಯುಧ ಸಮಾಜದ ಲೆಕ್ಕದೊಳಗೇ ಇದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ಯಾರ ಬಳಿ ಪಿಸ್ತೂಲಿದೆಯೋ ತಿಳಿಯದಿದ್ದರೆ ಕಳ್ಳ ಎಲ್ಲರಿಗೂ ಹೆದರುತ್ತಾನೆ. ಆಯುಧ ಕೊಳ್ಳದವನಿಗೂ ಅದರ ಪುಣ್ಯ ಸಿಗುತ್ತದೆ ಎಂಬ ವಾದ. ಅಮೆರಿಕದಲ್ಲಿ ಇದು ಬಹುಜನರ ಮಾತು. ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಪ್ರತ್ಯೇಕ ಅನುಮತಿಯಿಲ್ಲದೆಯೇ ಪಿಸ್ತೂಲನ್ನು ಮರೆಯಾಗಿ ಒಯ್ಯಬಹುದಾಗಿದೆ. ಆದರೆ ಕಳ್ಳನನ್ನು ಹೆದರಿಸುವ ಅದೇ ಅನಿಶ್ಚಯ ಸಾಧುವನ್ನೂ ಹೆದರಿಸುತ್ತದೆ. ಎಲ್ಲರಿಗೂ ಹೆದರುವ ಕಳ್ಳ ತಾನೂ ಪಿಸ್ತೂಲು ಹಿಡಿದು ಬರುತ್ತಾನೆ, ಮೊದಲು ಗುಂಡು ಹಾರಿಸುವುದೇ ಕ್ಷೇಮವೆಂದು ಕಲಿಯುತ್ತಾನೆ. ಅಲ್ಲಿ ಗುಂಡೇಟಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು ಎಂಬುದನ್ನೂ ಮರೆಯಬಾರದು. ಹೊರಗಿನ ಶತ್ರುವಿಗೆಂದು ತಂದ ಆಯುಧ ಒಳಗಿನ ದುಃಖದ ಕೈಗೂ ಎಟುಕುತ್ತದೆ. ಈ ಅಪಾಯ ಗೋಡೆಯ ಕೋವಿಗೂ ಉಂಟು. ದಿನವಿಡೀ ಮೈಗೆ ಅಂಟಿಕೊಂಡಿರುವ ಪಿಸ್ತೂಲಿಗೆ ಇನ್ನೂ ಹೆಚ್ಚು.

ಮರೆಯ ಆಯುಧ ಚರಿತ್ರೆಯಲ್ಲಿ ಯಾರಿಗೆ ಒದಗಿದೆ ಎಂಬುದನ್ನೂ ನೋಡಬೇಕು. 1948ರ ಜನವರಿ 30ರಂದು ಗಾಂಧೀಜಿಯವರೆದುರು ಕೈಮುಗಿದು ಬಾಗಿದವನ ಬಳಿ ಇದ್ದದ್ದು ಸುಮಾರು 6 ಅಂಗುಲ ಉದ್ದದ ಬೆರೆಟ್ಟಾ ಪಿಸ್ತೂಲು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರು ತಮ್ಮ ಮನೆಬಾಗಿಲಿಗೆ ಬಂದವರ ಗುಂಡಿಗೆ ಬಲಿಯಾದರು. ಇಬ್ಬರ ಬಳಿಯೂ ಒಂದೊಂದು ಪಿಸ್ತೂಲು ಇದ್ದಿದ್ದರೆ ಬದುಕುತ್ತಿದ್ದರೆ? ವೇಳೆಯನ್ನೂ ಸ್ಥಳವನ್ನೂ ಆರಿಸುವವನು ಕೊಲೆಗಾರ. ಮರೆ ಅವನಿಗೆ ಅನುಕೂಲ. ರಕ್ಷಿಸಿಕೊಳ್ಳುವವನಿಗೆ ಬೇಕಾದದ್ದು ಕೊಲೆಗಾರನು ಬರದಂತೆ ತಡೆಯುವುದು. ತಡೆಯಬೇಕಾದರೆ ಆಯುಧ ತಿಳಿದಿರಬೇಕು. ಗುಟ್ಟು ಅವನನ್ನು ತಡೆಯಲಾರದು.

ಹಾಗೆಂದು ನಿರಾಯುಧನಿಗೆ ಅಪಾಯವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಶೃಂಗೇರಿಯೇ ಅದಕ್ಕೆ ಸಾಕ್ಷಿ. 1791ರಲ್ಲಿ ಮರಾಠಾ ಸೈನ್ಯದ ದಂಡಾಳುಗಳು ಮಠವನ್ನು ಕೊಳ್ಳೆ ಹೊಡೆದರು, ಜನರನ್ನು ಕೊಂದರು. ಪೂಜೆ ಪಾರಾಯಣಗಳಲ್ಲಿದ್ದ ಊರು ಅವರನ್ನು ತಡೆಯಲಾಗಲಿಲ್ಲ. ಆಗ ಜಗದ್ಗುರುಗಳು ಟಿಪ್ಪು ಸುಲ್ತಾನನಿಗೆ ಬರೆದರು. ಅವನಿಂದ ಮಠಕ್ಕೆ ನೆರವು ಬಂತು, ಗೌರವದ ಓಲೆಗಳೂ ಬಂದವು. ಆ ಓಲೆಗಳು 1916ರಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದು ಪ್ರಸಿದ್ಧವಾದವು. ರಕ್ಷಣೆ ಬೇಕೇ ಬೇಕು. ಆದರೆ ದಂಡು ಬಂದಾಗ ಒಬ್ಬೊಬ್ಬರ ಸೊಂಟದ ಆಯುಧ ಊರನ್ನು ಉಳಿಸದು. ಉಳಿಸಿದ್ದು ಕೇಳಿದಾಗ ನೆರವಾಗುವವರೊಡನೆ ಇದ್ದ ಸಂಬಂಧ.

ನಮ್ಮ ಕಾಲದಲ್ಲೂ ಈ ಸೀಮೆ ಮರೆಯ ಬಂದೂಕುಗಳ ಕೆಳಗೆ ಬಾಳಿದೆ. ಈ ಶತಮಾನದ ಮೊದಲ ವರ್ಷಗಳಿಂದ ಕೊಪ್ಪ, ಶೃಂಗೇರಿಯ ಕಾಡುಗಳಲ್ಲಿ ನಕ್ಸಲರಿದ್ದರು. ಅವರನ್ನು ಹುಡುಕುತ್ತ ಪೊಲೀಸರಿದ್ದರು. 2007ರ ಜುಲೈನಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ಒಂದೇ ದಿನ ಐವರು ಗುಂಡಿಗೆ ಬಲಿಯಾದರು. ರಾತ್ರಿ ಬಾಗಿಲು ತಟ್ಟಿ ಅನ್ನ ಕೇಳಿದವರು ಯಾರು, ಬೆಳಿಗ್ಗೆ ಬಂದು ವಿಚಾರಿಸಿದವರು ಯಾರು, ಯಾರಿಗೆ ಏನು ಹೇಳಬೇಕು ಎಂಬ ಸಂಶಯ ಗುಡ್ಡದ ಮನೆಗಳನ್ನು ತಿಂದ ಕಾಲ ಅದು. ಗುಂಡು ತಗುಲಿದವರು ಕೆಲವರು. ಸಂಶಯ ತಗುಲದ ಮನೆ ಕಡಿಮೆ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದರು. ಕೆಲವೇ ದಿನಗಳಲ್ಲಿ ಅವರ ಬಂದೂಕುಗಳು ಕೊಪ್ಪದ ಕಾಡಿನಲ್ಲಿ ಸಿಕ್ಕಿದವು. ಮರೆಯಿಂದ ಆಯುಧ ಹೊರಬಂದ ದಿನವನ್ನು ಆ ಸೀಮೆ ನೆಮ್ಮದಿಯ ದಿನವೆಂದು ಎಣಿಸಿತು. ಈಗ ಅದೇ ದಾರಿಯಲ್ಲಿ, ಸ್ವಂತ ಇಚ್ಛೆಯಿಂದ, ಒಂದೊಂದು ಜೇಬಿನಲ್ಲಿ ಒಂದೊಂದು ಮರೆಯನ್ನು ಕಟ್ಟಿಕೊಳ್ಳಬೇಕೆ?

ಯಜಮಾನರಿಗೆ ಕೊನೆಗೆ ಏನು ಹೇಳೋಣ? ಯಾರಾದರೂ ಕೊಲ್ಲುವೆನೆಂದು ಬೆದರಿಕೆ ಹಾಕಿದ್ದರೆ, ಠಾಣೆಯಿಂದ ದೂರವಿದ್ದರೆ, ಕಾರಣವಿದೆಯೆಂದು ಅಧಿಕಾರಿಯೂ ಒಪ್ಪಿದರೆ, ಕೊಳ್ಳಲಿ. ಅದು ಪಾಪವೆಂದು ನಾನು ಹೇಳಲಾರೆ. ಆದರೆ ಕೊಳ್ಳುವ ಮುನ್ನ ತೂಕ, ನಳಿಗೆ, ಬೆಲೆಗಳ ಜೊತೆಗೆ ಇನ್ನೊಂದನ್ನೂ ಪರೀಕ್ಷಿಸಲಿ: ಇದು ನನ್ನ ಬಳಿಯಿದೆಯೆಂದು ಪಕ್ಕದ ಮನೆಯವರಿಗೆ ನೆಟ್ಟಗೆ ಹೇಳಬಲ್ಲೆನೆ? ತೋಟದ ಆಳಿಗೆ ಹೇಳಬಲ್ಲೆನೆ? ಹೇಳಬಲ್ಲವನಾದರೆ ಅವನ ಆಯುಧ ಚಿಕ್ಕದಾದರೂ ಗೋಡೆಯ ಕೋವಿಯೇ. ಹೇಳಲು ನಾಲಿಗೆ ಏಳದಿದ್ದರೆ, ಅದು ಯಾರ ಎದೆಗೆ ಗುರಿಯಿಟ್ಟಿದೆಯೆಂದು ಅವನು ಒಮ್ಮೆ ವಿಚಾರಿಸಿಕೊಳ್ಳಬೇಕು. ಘಟ್ಟದ ದಾರಿಯಲ್ಲಿ ವಾಹನ ಕೆಟ್ಟ ರಾತ್ರಿ ದೀಪ ಹಿಡಿದು ಬರಬೇಕಾದವರು ಆ ನೆರೆಯವರೇ. ಬರುವವರು ದೂರದಿಂದಲೇ ಕೂಗಿ ಹೆಸರು ಹೇಳಿಕೊಂಡು ಬರಬೇಕಾದಂಥ ಊರು ಆಗದಿರಲಿ.